ಪ್ರೂಫ್ ನಾಣ್ಯ ಮಾಸಿದರೆ: ಕಾರಣ ಹುಡುಕುವ ಬಗೆ

ಟಂಕಸಾಲೆಯಿಂದ ತರಿಸಿದ ಪ್ರೂಫ್ ಸೆಟ್ಟು, ಅಂದರೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚೊತ್ತಿದ ನಾಣ್ಯಗಳ ಸೆಟ್ಟು, ವರ್ಷಗಟ್ಟಲೆ ಬೀರುವಿನಲ್ಲಿ ಇರುತ್ತದೆ. ಒಂದು ದಿನ ತೆರೆದು ನೋಡಿದರೆ ಕನ್ನಡಿಯಂಥ ಮೈ ಮಂಕಾಗಿದೆ, ಅಂಚಿನಲ್ಲಿ ಹಳದಿ, ಎಲ್ಲೋ ಒಂದು ಕಡೆ ಹಸಿರು. ಮನೆಯಲ್ಲಿ ಹಿರಿಯರಿದ್ದರೆ ಸಲಹೆ ತಕ್ಷಣ ಬರುತ್ತದೆ: "ಒಂಚೂರು ಹುಣಸೆಹಣ್ಣು ಹಾಕಿ ಉಜ್ಜು, ಫಳಫಳ ಅನ್ನುತ್ತೆ." ದೇವರಮನೆಯ ದೀಪಕ್ಕೆ ಅದು ಸರಿ. ಪ್ರೂಫ್ ನಾಣ್ಯಕ್ಕೆ ಮಾತ್ರ ಬೇಡ. ಒಮ್ಮೆ ಉಜ್ಜಿದರೆ ಅದನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಇದಕ್ಕೆ ಕಾರಣ ನಾಣ್ಯ ಮಾಡುವ ರೀತಿಯಲ್ಲೇ ಇದೆ. ಪ್ರೂಫ್ ನಾಣ್ಯದ ಬಿಲ್ಲೆಗೂ ಅಚ್ಚಿಗೂ ಮೊದಲೇ ಹೊಳಪು ಕೊಟ್ಟಿರುತ್ತಾರೆ. ಆಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲು ಭಾಗ ಕನ್ನಡಿಯಾಗುತ್ತದೆ, ಚಿತ್ರ ಮತ್ತು ಅಕ್ಷರ ಇಬ್ಬನಿ ಕೂತ ಹಾಗೆ ಬೆಳ್ಳಗೆ ನಿಲ್ಲುತ್ತವೆ. ಸಂಗ್ರಾಹಕರು ದುಡ್ಡು ಕೊಡುವುದು ಈ ಎರಡರ ನಡುವಿನ ವ್ಯತ್ಯಾಸಕ್ಕೆ. ಚಲಾವಣೆಯ ನಾಣ್ಯದಲ್ಲಿ ಕಣ್ಣಿಗೂ ಬೀಳದ ಗೀರು ಇಲ್ಲಿ ಮಾರುದೂರದಿಂದ ಕಾಣುತ್ತದೆ.

ನಾನು ನೋಡಿದ ಮಟ್ಟಿಗೆ ಮಾಸಿದ ಪ್ರೂಫ್ ನಾಣ್ಯಗಳಲ್ಲಿ ಹೆಚ್ಚಿನವಕ್ಕೆ ರೋಗ ಹೊರಗಿನಿಂದ ಬಂದಿರುತ್ತದೆ. ಪಕ್ಕದಲ್ಲಿದ್ದ ಪ್ಲಾಸ್ಟಿಕ್, ಕೆಳಗಿದ್ದ ವೆಲ್ವೆಟ್, ಸುತ್ತ ಇದ್ದ ಮರದ ಪೆಟ್ಟಿಗೆ, ಒಳಗೆ ಸಿಕ್ಕಿಕೊಂಡ ತೇವದ ಗಾಳಿ. ಕಾರಣವನ್ನು ಹಾಗೇ ಬಿಟ್ಟು ನಾಣ್ಯ ತೊಳೆದರೆ ಮುಂದಿನ ಮಳೆಗಾಲಕ್ಕೆ ಕಲೆ ಮತ್ತೆ ಹಾಜರು. ಅದಕ್ಕೇ ಹುಡುಕಾಟ ಹೊರಗಿನಿಂದ ಒಳಗೆ ಹೋಗಬೇಕು. ನಾಣ್ಯಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಕಲೆ ಇರುವುದು ನಾಣ್ಯದ ಮೇಲೋ, ಕ್ಯಾಪ್ಸೂಲಿನ ಮೇಲೋ?

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಅಕ್ಕಸಾಲಿಗರು ಬಳಸುವಂಥ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಚಿಕ್ಕ ಭೂತಗನ್ನಡಿ), ಒಂದೇ ಬಲ್ಬಿನ ಟೇಬಲ್ ದೀಪ, ಹಾಸಲು ದಪ್ಪ ಟವೆಲ್, ಪುಡಿ ಹಾಕದ ನೈಟ್ರೈಲ್ ಕೈಗವಸು. ಲೇಟೆಕ್ಸ್ ಗವಸು ಬೇಡ, ರಬ್ಬರಿನಲ್ಲಿ ಗಂಧಕ ಇರುತ್ತದೆ. ಹತ್ತಿಯ ಗವಸು ನೋಡಲು ಚೆಂದ, ಆದರೆ ಅದರಲ್ಲಿ ನಾಣ್ಯ ಜಾರುತ್ತದೆ. ಕ್ಯಾಪ್ಸೂಲ್ (ನಾಣ್ಯ ಇಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ) ತೆರೆದ ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಎಂಜಲಿನ ಕಣ್ಣಿಗೆ ಕಾಣದ ಹನಿ ಇವತ್ತು ಏನೂ ಮಾಡುವುದಿಲ್ಲ. ಕೆಲವು ತಿಂಗಳ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಒಂದು ಮಾಸ್ಕ್ ಹಾಕಿಕೊಂಡರೆ ಮುಗಿಯಿತು.

ಏನೇ ಮಾಡುವ ಮೊದಲು ಎರಡೂ ಮುಖದ ಫೋಟೋ ತೆಗೆದಿಡಿ. ಕಲೆ ಬೆಳೆಯುತ್ತಿದೆಯೋ ನಿಂತಿದೆಯೋ ಅಂತ ಆಮೇಲೆ ತಿಳಿಯಲು ಇದೊಂದೇ ದಾರಿ.

ಈಗ ಕ್ಯಾಪ್ಸೂಲನ್ನು ತೆರೆಯದೆ ದೀಪದ ಕೆಳಗೆ ಹಿಡಿದು, ಹೊರಮೈಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಆಮೇಲೆ ಓರೆಯಾಗಿ ಆಚೀಚೆ ವಾಲಿಸಿ. ಕಲೆ ಪ್ಲಾಸ್ಟಿಕ್ಕಿನ ಮೇಲಿದ್ದರೆ ಅದರ ನೆರಳು ನಾಣ್ಯದ ಮೇಲೆ ಸರಿದಾಡುತ್ತದೆ. ನಾಣ್ಯದ ಮೇಲೇ ಇದ್ದರೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮಂಜು ಮುಸುಕಿದಂತೆ ಕಾಣುವ ಎಷ್ಟೋ ನಾಣ್ಯಗಳಲ್ಲಿ ಮಂಜು ಇರುವುದು ಕ್ಯಾಪ್ಸೂಲಿನ ಒಳಮೈಯಲ್ಲಿ. ಹೊಸ ಕ್ಯಾಪ್ಸೂಲಿಗೆ ಹಾಕಿದರೆ ಕೆಲಸ ಮುಗಿಯಿತು, ಅಷ್ಟೇ.

ಗೆರೆಗಳು ಕಂಡರೆ ಲೂಪ್ ಹಿಡಿದು ನೋಡಿ. ಗೆರೆ ಬಯಲು ಭಾಗದಲ್ಲಿ ಮಾತ್ರ ಇದ್ದು ಚಿತ್ರದ ಅಂಚಿಗೆ ಬಂದು ನಿಂತಿದ್ದರೆ, ಮತ್ತು ಉಬ್ಬಿದಂತೆ ಕಂಡರೆ, ಅದು ಅಚ್ಚಿಗೆ ಹೊಳಪು ಕೊಟ್ಟ ಗುರುತು. ಟಂಕಸಾಲೆಯಲ್ಲೇ ಬಂದದ್ದು, ದೋಷವಲ್ಲ. ಗೆರೆ ಒಳಗೆ ಕೊರೆದಂತಿದ್ದು ಚಿತ್ರದ ಮೇಲೂ ಹಾದು ಹೋಗಿದ್ದರೆ ಯಾರೋ ಒರೆಸಿದ್ದಾರೆ. ಇದಕ್ಕೆ ಮದ್ದಿಲ್ಲ. ಹಾಗಂತ ಬೇಜಾರು ಮಾಡಿಕೊಂಡು ಪಾಲಿಷ್‌ಗೆ ಕೊಟ್ಟರೆ ಉಳಿದ ಬೆಲೆಯೂ ಹೋಗುತ್ತದೆ.

ಲೋಹ ಯಾವುದು ಅಂತ ಗೊತ್ತಿರಬೇಕು

ಒಂದೇ ಗಾಳಿ, ಒಂದೇ ಡಬ್ಬ ಇದ್ದರೂ ಬೇರೆ ಬೇರೆ ಲೋಹ ಬೇರೆ ಬೇರೆ ಥರ ಕೆಡುತ್ತದೆ. ನಮ್ಮಲ್ಲಿ "ಬೆಳ್ಳಿ ನಾಣ್ಯ" ಅಂತ ಕರೆಯುವುದರಲ್ಲೇ ಎಷ್ಟೋ ಬಗೆ. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿಯಲ್ಲಿ 80% ಬೆಳ್ಳಿ. 1972ರ ಸ್ವಾತಂತ್ರ್ಯ ಬೆಳ್ಳಿಹಬ್ಬದ 10 ರೂಪಾಯಿಗೆ ಬಂದಾಗ ಅದು 50%ಗೆ ಇಳಿದಿತ್ತು. ಆಮೇಲೆ ಬಂದ 100 ರೂಪಾಯಿಯ ಸ್ಮರಣಾರ್ಥ ನಾಣ್ಯಗಳಲ್ಲಿ ಹೆಚ್ಚಿನವು 35 ಗ್ರಾಂ ತೂಕ, 44 ಮಿಲಿಮೀಟರ್ ಅಗಲ, 50% ಬೆಳ್ಳಿ, 40% ತಾಮ್ರ, ತಲಾ 5% ನಿಕ್ಕಲ್ ಮತ್ತು ಸತು. 2023ರ ಹೊಸ ಸಂಸತ್ ಭವನದ 75 ರೂಪಾಯಿಯೂ ಇದೇ ಮಿಶ್ರಣ. 2010ರ ಬೃಹದೀಶ್ವರ ದೇವಾಲಯದ 1000 ರೂಪಾಯಿಯಲ್ಲಿ 80% ಬೆಳ್ಳಿ, 20% ತಾಮ್ರ.

ಅರ್ಧದಷ್ಟು ಮಾತ್ರ ಬೆಳ್ಳಿ ಇರುವ ನಾಣ್ಯವನ್ನು ಬೆಳ್ಳಿ ಅಂತ ಸುಮ್ನೆ ನಂಬಿ ಕೂರಬಾರದು. ಅದರೊಳಗಿನ 40% ತಾಮ್ರ ತೇವಕ್ಕೂ ಹುಳಿಗೂ ತಾಮ್ರದ ಹಾಗೇ ಸ್ಪಂದಿಸುತ್ತದೆ. ಹಸಿರು ಹತ್ತುವುದು, ತೇಪೆ ತೇಪೆಯಾಗಿ ಹಳದಿಯಾಗುವುದು ಇವುಗಳಲ್ಲೇ ಜಾಸ್ತಿ. ಸೆಟ್ಟಿನ ಚಿಕ್ಕ ನಾಣ್ಯಗಳು ಇನ್ನೂ ಬೇರೆ. ಹಳೆಯ ಒಂದೆರಡು ಪೈಸೆಯವು ಅಲ್ಯೂಮಿನಿಯಂ, ತೇವ ತಾಗಿದರೆ ಬಿಳಿ ಪುಡಿ ಏಳುತ್ತದೆ. ಆಮೇಲಿನ ಸ್ಟೀಲ್ ನಾಣ್ಯಗಳಲ್ಲಿ 83% ಕಬ್ಬಿಣ, 17% ಕ್ರೋಮಿಯಂ. ಅಯಸ್ಕಾಂತಕ್ಕೆ ಅಂಟುತ್ತವೆ. ಉಪ್ಪುಗಾಳಿಯಲ್ಲಿ ಇವಕ್ಕೂ ಸಣ್ಣ ಕಂದು ತುಕ್ಕಿನ ಚುಕ್ಕೆ ಬರಬಹುದು. 10 ರೂಪಾಯಿಯ ಜೋಡಿ ಲೋಹದ ನಾಣ್ಯದಲ್ಲಿ ಎರಡು ಲೋಹ ಸೇರುವ ಉಂಗುರದ ಸಂದನ್ನು ಮೊದಲು ನೋಡಿ. ತೇವ ನಿಲ್ಲುವುದು ಅಲ್ಲೇ.

ಲೋಹ ಯಾವುದೆಂದು ಸೆಟ್ಟಿನ ಜೊತೆ ಬಂದ ಕಾರ್ಡಿನಲ್ಲಿ ಬರೆದಿರುತ್ತದೆ. ಕಾರ್ಡ್ ಕಳೆದಿದ್ದರೆ ಆ ನಾಣ್ಯದ ರಾಜಪತ್ರದ ಅಧಿಸೂಚನೆಯಲ್ಲಿ ಸಿಗುತ್ತದೆ.

ಹಸಿರು ಕಂಡರೆ

ಇದೊಂದಕ್ಕೆ ಮಾತ್ರ ತಡ ಮಾಡಬಾರದು. ಹಸಿರಿನಲ್ಲಿ ಎರಡು ಬಗೆ, ಎರಡಕ್ಕೂ ಬೇರೆ ದಾರಿ.

ಮೊದಲನೆಯದು ಜಿಡ್ಡಿನಂಥ ಹಸಿರು. ಓರೆ ಬೆಳಕಿನಲ್ಲಿ ಎಣ್ಣೆ ಸವರಿದಂತೆ ಮಿನುಗುತ್ತದೆ, ಅಕ್ಷರಗಳ ಸಂದಿಯಲ್ಲಿ ಸೇರಿರುತ್ತದೆ. ಇದು ಪಿವಿಸಿ ಪ್ಲಾಸ್ಟಿಕ್ಕಿನ ಕೆಲಸ. ಪಿವಿಸಿ ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ವರ್ಷ ಕಳೆದಂತೆ, ಸೆಖೆ ಇದ್ದರೆ ಇನ್ನೂ ಬೇಗ, ಅದು ಜಿನುಗಿ ನಾಣ್ಯದ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಒಳಗಿನ ಕ್ಲೋರಿನ್ ಆಮ್ಲವಾಗಿ ಹೊರಬಿದ್ದು ತಾಮ್ರವನ್ನು ಕಚ್ಚುತ್ತದೆ. ಹಸಿರು ಬಣ್ಣ ಅಲ್ಲಿಂದ ಬಂದದ್ದು.

ಎರಡನೆಯದು ಒಣ ಪುಡಿಯಂಥ ಹಸಿರು, ನಾವು ಕಿಲುಬು ಅನ್ನುತ್ತೇವಲ್ಲ, ಅದು. ಲೋಹದ ಒಳಗಿನಿಂದ ಎದ್ದು ಬಂದ ಹಾಗಿರುತ್ತದೆ, ಕೆಳಗೆ ಸಣ್ಣ ಗುಳಿ ಇರಬಹುದು. ತೇವ ಮತ್ತು ಉಪ್ಪು ಸೇರಿ ಮಾಡಿದ್ದು. ತಿಳಿಹಸಿರು ಪುಡಿ ತೆಗೆದಷ್ಟೂ ಮತ್ತೆ ಮತ್ತೆ ಬರುತ್ತಿದ್ದರೆ ಒಳಗೆ ಕ್ಲೋರೈಡ್ ಸೇರಿಕೊಂಡಿದೆ ಎಂದರ್ಥ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬದಲ್ಲಿ ಒಣಗಿಸಿಡಿ. ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ. ಬೆಲೆ ಬಾಳುವಂಥದ್ದಾದರೆ ಸಂರಕ್ಷಣೆಯ ಕೆಲಸ ಕಲಿತವರ ಕೈಗೆ ಕೊಡಿ.

ನಿಮ್ಮ ಆಲ್ಬಂ ಹಾಳೆ ಅಥವಾ ಫ್ಲಿಪ್ (ನಾಣ್ಯ ಇಡುವ ಪ್ಲಾಸ್ಟಿಕ್ ಜೇಬು) ಪಿವಿಸಿಯೋ ಅಲ್ಲವೋ ಎಂದು ತಿಳಿಯಲು ಮೊದಲು ಮೂಗು ಬಳಸಿ, ಹೊಸ ರೆಕ್ಸಿನ್ ವಾಸನೆ ಬಂದರೆ ಅನುಮಾನಪಡಿ. ಮೆತ್ತಗೆ ಬಾಗಿ ಮಡಚಿದ ಗುರುತೂ ಉಳಿಯದಿದ್ದರೆ ಅನುಮಾನ ಗಟ್ಟಿ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಫ್ಲಿಪ್ ಗಡುಸಾಗಿ ಚರಪರ ಅನ್ನುತ್ತದೆ, ಮಡಚಿದಲ್ಲಿ ಬಿರುಕು ಬಿಡುತ್ತದೆ. ಮೂಲೆಯಿಂದ ಸಣ್ಣ ಚೂರು ಕತ್ತರಿಸಿ ನೀರಿನಲ್ಲಿ ಮುಳುಗಿಸಿ ನೋಡಿ. ಗಾಳಿಗುಳ್ಳೆ ಅಂಟಿಕೊಳ್ಳದಂತೆ ನೀರಿಗೆ ಒಂದು ಹನಿ ಸೋಪು ಹಾಕಿ. ಮೇಲೆ ತೇಲಿ ಬಂದರೆ ಅದು ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್, ಭಯವಿಲ್ಲ. ಮುಳುಗಿದರೆ ಪಿವಿಸಿ ಇರಬಹುದು, ಮೈಲಾರ್ ಕೂಡ ಇರಬಹುದು.

ಆಗ ಬೆಂಕಿಯ ಪರೀಕ್ಷೆ. ತಾಮ್ರದ ತಂತಿಯ ತುದಿಯನ್ನು ಲೈಟರಿನ ಉರಿಯಲ್ಲಿ ಕಾಯಿಸಿ, ಉರಿಗೆ ಯಾವ ಬಣ್ಣವೂ ಬರದಾಗ ಆ ಬಿಸಿ ತುದಿಯನ್ನು ಪ್ಲಾಸ್ಟಿಕ್ಕಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹೊಗೆ ವಿಷ, ಹಾಗಾಗಿ ಅಂಗಳದಲ್ಲೋ ತಾರಸಿಯಲ್ಲೋ ಮಾಡಿ. ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ. ಅಕ್ಕಿಕಾಳಿನಷ್ಟು ಚೂರು ಧಾರಾಳ.

ಜಿಡ್ಡು ಹಸಿರಿಗೆ ಮದ್ದು ಅಸಿಟೋನ್. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಶುದ್ಧ ಅಸಿಟೋನ್ ಬೇಕು. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ, ಸುವಾಸನೆ ಎಲ್ಲ ಬೆರೆಸಿರುತ್ತಾರೆ, ಅದು ನಡೆಯುವುದಿಲ್ಲ. ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬಟ್ಟಲು ಕರಗಬಹುದು. ಕಿಟಕಿ ತೆರೆದಿರಲಿ. ಅಸಿಟೋನಿನ ಆವಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೊದಲ ಬಟ್ಟಲಿನಲ್ಲಿ ಕೆಲವು ನಿಮಿಷ ಬಿಡಿ. ಮಧ್ಯೆ ಒಮ್ಮೆ ತಿರುಗಿಸಿ. ಉಜ್ಜಬೇಡಿ, ಹತ್ತಿಯಲ್ಲಿ ಒತ್ತಲೂ ಬೇಡಿ. ಆಮೇಲೆ ಎರಡನೇ ಬಟ್ಟಲಿನ ಹೊಸ ಅಸಿಟೋನಿನಲ್ಲಿ ಜಾಲಿಸಿ, ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ. ತಾನೇ ಆರುತ್ತದೆ, ಒರೆಸುವ ಪ್ರಶ್ನೆಯೇ ಇಲ್ಲ.

ಎರಡು ಎಚ್ಚರಿಕೆ. ಬಣ್ಣ ಹಚ್ಚಿದ ಸ್ಮರಣಾರ್ಥ ನಾಣ್ಯಗಳನ್ನು ಅಸಿಟೋನಿಗೆ ಹಾಕಿದರೆ ಬಣ್ಣ ಎದ್ದು ಹೋಗುತ್ತದೆ. ನಾಣ್ಯ ಪೂರ್ತಿ ಆರುವ ಮೊದಲು ಕ್ಯಾಪ್ಸೂಲಿಗೆ ಹಾಕಿದರೆ ಕ್ಯಾಪ್ಸೂಲೇ ಮಂಕಾಗುತ್ತದೆ. ಜಿಡ್ಡು ಹೋದ ಮೇಲೆ ಕೆಳಗೆ ಲೋಹ ಕಚ್ಚಿದ ಗುರುತು ಕಂಡರೆ ಅದು ಹಾಗೇ ಉಳಿಯುತ್ತದೆ. ಮುಂದೆ ಬೆಳೆಯುವುದು ನಿಲ್ಲುತ್ತದೆ, ಅಷ್ಟೇ ಲಾಭ.

ಹಳದಿ, ಕಂದು, ನೀಲಿ

ಇದು ಬೆಳ್ಳಿಗೆ ಗಂಧಕದ ಆವಿ ತಾಗಿ ಆಗುವ ಬಣ್ಣ. ಮೇಲೆ ಕೂರುವ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ: ಮೊದಲು ತಿಳಿಹಳದಿ, ಆಮೇಲೆ ಕಂದು, ಕೆನ್ನೇರಳೆ, ನೀಲಿ, ಕೊನೆಗೆ ಕಪ್ಪು. ಯಾವ ಬಣ್ಣದಲ್ಲಿದೆ ಎಂದು ನೋಡಿದರೆ ಎಷ್ಟು ದೂರ ಹೋಗಿದೆ ಎಂದು ಅಂದಾಜಾಗುತ್ತದೆ.

ಬಣ್ಣಕ್ಕಿಂತ ಅದರ ಆಕಾರ ಹೆಚ್ಚು ಹೇಳುತ್ತದೆ. ಅಂಚಿನಿಂದ ಒಳಕ್ಕೆ ಉಂಗುರದಂತೆ ಬಂದಿದ್ದರೆ ಗಾಳಿ ಕ್ಯಾಪ್ಸೂಲಿನ ಬೆಸುಗೆಯಲ್ಲಿ ನುಸುಳುತ್ತಿದೆ. ಒಂದೇ ಮುಖಕ್ಕೆ ಬಂದಿದ್ದರೆ ಆ ಮುಖ ಯಾವುದಕ್ಕೆ ತಾಗಿಕೊಂಡಿತ್ತು ನೋಡಿ. ಹೆಚ್ಚಾಗಿ ವೆಲ್ವೆಟ್, ರಟ್ಟು ಅಥವಾ ಸ್ಪಂಜು ಸಿಗುತ್ತದೆ. ನೇರವಾದ ಕಪ್ಪು ಪಟ್ಟಿ ಇದ್ದರೆ ಯಾರೋ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು. ಕ್ಯಾಪ್ಸೂಲಿನ ಮೇಲೆ ಹಾಕಿದ್ದರೂ ಸಾಕು, ರಬ್ಬರಿನ ಗಂಧಕ ಒಳಗೆ ಹೋಗುತ್ತದೆ. ಸೆಟ್ಟಿನ ಒಂದು ಮೂಲೆಯ ನಾಣ್ಯಗಳು ಮಾತ್ರ ಮಾಸಿದ್ದರೆ ಕವಚದ ಆ ಮೂಲೆ ಬಿಟ್ಟುಕೊಂಡಿದೆ.

ಈ ಬಣ್ಣವನ್ನು ತೆಗೆಯಬೇಕೇ? ನನ್ನ ಉತ್ತರ ಬೇಡ ಅಂತಲೇ. ಸಮವಾಗಿ, ತೆಳ್ಳಗೆ ಬಂದ ಬಣ್ಣ ನಾಣ್ಯವನ್ನು ತಿನ್ನುವುದಿಲ್ಲ, ಕೆಲವರು ಅದನ್ನೇ ಇಷ್ಟಪಟ್ಟು ಕೊಳ್ಳುತ್ತಾರೆ ಕೂಡ. ಅಂಗಡಿಯ ಬೆಳ್ಳಿ ಡಿಪ್ (ಬೆಳ್ಳಿ ಅದ್ದಿ ತೊಳೆಯುವ ದ್ರವ) ಬಣ್ಣದ ಜೊತೆ ಬೆಳ್ಳಿಯ ತೆಳು ಪದರವನ್ನೂ ಕೀಳುತ್ತದೆ. ಇಬ್ಬನಿ ಬಿಳುಪು ಮೊದಲು ಹೋಗುತ್ತದೆ, ಕನ್ನಡಿ ಆಮೇಲೆ. ಅಲ್ಯೂಮಿನಿಯಂ ಹಾಳೆ, ಅಡಿಗೆ ಸೋಡಾ, ಬಿಸಿನೀರಿನ ವಿಡಿಯೋಗಳು ತುಂಬಾ ಓಡಾಡುತ್ತವೆ. ಚಮಚಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರೂಫ್ ನಾಣ್ಯವನ್ನು ಸತ್ತ ಬಿಳಿ ಬಣ್ಣಕ್ಕೆ ತರುತ್ತದೆ.

ಹಾಗಾದರೆ ಮಾಡಬೇಕಾದ್ದು ಗಂಧಕ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಉಣ್ಣೆ ಬಟ್ಟೆ, ರಬ್ಬರು, ಅಗ್ಗದ ರಟ್ಟು, ಪತ್ರಿಕೆ ಕಾಗದ, ಕೆಲವು ಬಣ್ಣದ ವೆಲ್ವೆಟ್ ಇವೆಲ್ಲ ಅನುಮಾನದ ಪಟ್ಟಿಯಲ್ಲಿವೆ. ಅಡುಗೆಮನೆಗೆ ಹೊಂದಿಕೊಂಡ ಗೋಡೆಯ ಕಪಾಟು, ದೇವರಮನೆ ಎರಡೂ ನಾಣ್ಯದ ಜಾಗವಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಬೆಳ್ಳಿ ನಾಣ್ಯ ಇಡುವುದು ನಮ್ಮ ಪದ್ಧತಿ, ಅದನ್ನು ಯಾಕೆ ಬಿಡಬೇಕು? ಮಾರುಕಟ್ಟೆಯ ಲಕ್ಷ್ಮಿ ನಾಣ್ಯ ಇಡಿ. 2006ರ ಬಸವೇಶ್ವರರ 100 ರೂಪಾಯಿ ಪ್ರೂಫ್ ನಾಣ್ಯಕ್ಕೆ ಕುಂಕುಮ ಹಚ್ಚಬೇಡಿ.

ಮರದ ಪೆಟ್ಟಿಗೆಯ ತೊಂದರೆ ಬೇರೆ ಥರದ್ದು. ಮರ ಹುಳಿಯ ಆವಿ ಬಿಡುತ್ತದೆ. ಪ್ಲೈವುಡ್ ಮತ್ತು ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂಟು ಇನ್ನೂ ಕೆಟ್ಟದ್ದು. ನಾಣ್ಯಕ್ಕೆ ಗಂಧದ ಪೆಟ್ಟಿಗೆಗಿಂತ ಬಣ್ಣ ಚೆನ್ನಾಗಿ ಒಣಗಿದ ಸ್ಟೀಲ್ ಬೀರು ಎಷ್ಟೋ ವಾಸಿ. ಬೀರುವಿನಲ್ಲಿ ಸೀರೆಗಳಿಗೆಂದು ಹಾಕಿದ ನುಸಿಗುಳಿಗೆ ಇದ್ದರೆ ನಾಣ್ಯ ಬೇರೆ ಖಾನೆಗೂ ಹೋದರೆ ಸಾಲದು, ಬೇರೆ ಬೀರುವಿಗೇ ಹೋಗಬೇಕು. ಗುಳಿಗೆ ಆವಿಯಾಗಿ ತಣ್ಣನೆಯ ಲೋಹದ ಮೇಲೆ ಮತ್ತೆ ಕೂರುತ್ತದೆ.

ಪೆಟ್ಟಿಗೆಯ ಮೇಲೆ ಅನುಮಾನವಿದ್ದರೆ ಪರೀಕ್ಷೆ ಮಾಡಬಹುದು. ವಸ್ತುಸಂಗ್ರಹಾಲಯದವರು ಪ್ರದರ್ಶನದ ಪೆಟ್ಟಿಗೆಗೆ ಬಳಸುವ ಬಟ್ಟೆ, ಮರ, ಅಂಟುಗಳನ್ನು ಹೀಗೇ ಪರೀಕ್ಷಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರೂ ಆಡಿ 1973ರಲ್ಲಿ ಹೇಳಿಕೊಟ್ಟ ವಿಧಾನ ಇದು: ಸಾಮಾನಿನ ಚೂರು, ಸ್ವಲ್ಪ ನೀರು, ಬೆಳ್ಳಿ, ತಾಮ್ರ, ಸೀಸದ ತುಂಡುಗಳು ಒಂದು ಗಾಜಿನ ಪಾತ್ರೆಯಲ್ಲಿ, 60 ಡಿಗ್ರಿ ಬಿಸಿಯಲ್ಲಿ 28 ದಿನ. ಮನೆಯಲ್ಲಿ 60 ಡಿಗ್ರಿ ಹಿಡಿದಿಡುವುದು ಕಷ್ಟ. ಆದರೂ ಬಿಗಿ ಮುಚ್ಚಳದ ಎರಡು ಗಾಜಿನ ಬಾಟಲಿ ಸಾಕು. ಒಂದರಲ್ಲಿ ವೆಲ್ವೆಟ್ ಅಥವಾ ಮರದ ಚೂರು, ಇನ್ನೊಂದು ಖಾಲಿ. ಎರಡರಲ್ಲೂ ಒಂದು ಮುಚ್ಚಳದಲ್ಲಿ ಕೆಲವು ಹನಿ ನೀರು, ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯುವಂತೆ ಮಾಡಿದ ತಾಮ್ರದ ತಂತಿ, ಬೆಳ್ಳಿಯ ಚೂರು, ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು. ಲೋಹ ನೀರಿಗೂ ಚೂರಿಗೂ ತಾಗಬಾರದು, ದಾರದಲ್ಲಿ ತೂಗುಹಾಕಿ. ಬೆಚ್ಚಗಿನ ಜಾಗದಲ್ಲಿ ಒಂದು ತಿಂಗಳು ಬಿಟ್ಟು ಎರಡನ್ನೂ ಹೋಲಿಸಿ. ಬೆಳ್ಳಿ ಮಾಸಿದ್ದರೆ ಗಂಧಕ. ಸೀಸದ ಮೇಲೆ ಬಿಳಿ ಪುಡಿ ಎದ್ದರೆ ಹುಳಿಯ ಆವಿ. ಸೀಸ ಮುಟ್ಟಿದ ಕೈ ತೊಳೆಯಿರಿ.

ಹಳೆಯ ಸೆಟ್ಟುಗಳ ಮೂಲ ಕವಚವೇ ಅಪರಾಧಿ ಎಂದು ತಿಳಿದಾಗ ಮನಸ್ಸು ಎರಡಾಗುತ್ತದೆ. ಮೂಲ ಕವಚ, ಕಾರ್ಡು ಇದ್ದರೆ ಮಾರುವಾಗ ಬೆಲೆ ಜಾಸ್ತಿ, ಅಲ್ವಾ? ಕವಚವನ್ನು ಎಸೆಯಬೇಕಿಲ್ಲ. ನಾಣ್ಯಗಳನ್ನು ಅಳತೆಗೆ ಸರಿಯಾದ ಕ್ಯಾಪ್ಸೂಲಿಗೆ ಹಾಕಿ ಒಂದು ಕಡೆ ಇಡಿ, ಕವಚ ಮತ್ತು ಕಾರ್ಡನ್ನು ಬೇರೆ ಚೀಲದಲ್ಲಿ ಇಡಿ. ಟಂಕಸಾಲೆ ಬೆಸೆದು ಮುಚ್ಚಿದ ಪ್ಯಾಕ್ ಒಳಗೆ ನಾಣ್ಯ ಚೆನ್ನಾಗಿಯೇ ಇದ್ದರೆ ಸುಮ್ನೆ ಕತ್ತರಿಸಲು ಹೋಗಬೇಡಿ.

ಬಿಳಿ ಕಲೆಗಳು

ಶುದ್ಧ ಬೆಳ್ಳಿಯ ನಾಣ್ಯದ ಮೇಲೆ ಹಾಲು ಚೆಲ್ಲಿದಂಥ ಬಿಳಿ ಚುಕ್ಕೆ ಬಂದರೆ ನಿಮ್ಮ ಡಬ್ಬವನ್ನು ಬೈಯಬೇಡಿ. ಬಿಲ್ಲೆ ತೊಳೆದಾಗ ಉಳಿದ ರಾಸಾಯನಿಕ ಕುಲುಮೆಯಲ್ಲಿ ಸುಟ್ಟು ಅಂಟಿಕೊಂಡು ಬರುವ ಕಲೆ ಇದು ಎಂದು ಹೆಚ್ಚಿನವರು ನಂಬುತ್ತಾರೆ. ಕೆನಡಾದ ಮೇಪಲ್ ಲೀಫ್ ನಾಣ್ಯಗಳಿಗೆ ಈ ಕಾಟ ಎಷ್ಟಿತ್ತೆಂದರೆ ಅಲ್ಲಿನ ಟಂಕಸಾಲೆ 2018ರಿಂದ ಮಿಂಟ್‌ಶೀಲ್ಡ್ ಎಂಬ ಹೊಸ ವಿಧಾನವನ್ನೇ ತಂದಿತು. ಅಸಿಟೋನಿಗೆ ಈ ಕಲೆ ಹೋಗುವುದಿಲ್ಲ. ಉಜ್ಜಿದರೆ ಕಲೆಯ ಜೊತೆ ನಾಣ್ಯವೂ ಹೋಗುತ್ತದೆ. ಬಿಟ್ಟುಬಿಡಿ.

ತೆಳು ಮಂಜಿನಂಥ ಬಿಳುಪು ಅಸಿಟೋನಿಗೆ ಹೋದರೆ ಅದು ಪ್ಲಾಸ್ಟಿಕ್ಕಿನ ಆವಿ ಅಥವಾ ನುಸಿಗುಳಿಗೆ. ಕೂದಲಿನಂತೆ ಕವಲೊಡೆದ ಬಿಳಿ ಎಳೆ ಕ್ಯಾಪ್ಸೂಲಿನ ಒಳಗೆ ಕಂಡರೆ ಬೂಷ್ಟು. ಕ್ಯಾಪ್ಸೂಲನ್ನು ಎಸೆದು, ಡಬ್ಬವನ್ನು ತೊಳೆದು ಬಿಸಿಲಲ್ಲಿ ಒಣಗಿಸಿ. ತೇವ ಜಾಸ್ತಿಯಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಬೆರಳಚ್ಚು

ಹೊಸದಾದರೆ ಅಸಿಟೋನ್ ಎಣ್ಣೆಯನ್ನು ತೆಗೆಯುತ್ತದೆ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿದರೆ ಬೆವರಿನ ಉಪ್ಪು ಹೋಗುತ್ತದೆ, ಕೊನೆಗೆ ಮತ್ತೆ ಅಸಿಟೋನ್, ನೀರು ಆರಲೆಂದು. ತಿಂಗಳುಗಟ್ಟಲೆ ಹಳೆಯದಾದರೆ ಗೆರೆಗಳು ಲೋಹದಲ್ಲೇ ಕೊರೆದುಕೊಂಡಿರುತ್ತವೆ. ಅದು ಶಾಶ್ವತ.

ತೇವ: ಎಲ್ಲಕ್ಕೂ ಹಿಂದೆ ಇರುವ ಕಾರಣ

ಮೇಲಿನ ಪ್ರತಿಯೊಂದು ದೋಷವೂ ತೇವ ಇದ್ದರೆ ವೇಗವಾಗುತ್ತದೆ. ಬೆಂಗಳೂರಲ್ಲಿ ಹತ್ತು ವರ್ಷ ಚೆನ್ನಾಗಿದ್ದ ನಾಣ್ಯ ವರ್ಗಾವಣೆಯಾಗಿ ಮಂಗಳೂರಿಗೆ ಹೋದ ಮೇಲೆ ಎರಡು ಮಳೆಗಾಲದಲ್ಲಿ ಬಣ್ಣ ತಿರುಗಿದರೆ ಆಶ್ಚರ್ಯವಿಲ್ಲ. ಕರಾವಳಿಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಯ ತೇವ 90% ದಾಟುತ್ತದೆ, ಜೊತೆಗೆ ಕಡಲ ಉಪ್ಪು. ಮಲೆನಾಡಿನಲ್ಲಿ ಉಪ್ಪಿಲ್ಲ, ಆದರೆ ಮನೆಯ ಗೋಡೆಯೇ ತಿಂಗಳುಗಟ್ಟಲೆ ಒದ್ದೆ. ಡಬ್ಬದ ಒಳಗೆ 40%ಗಿಂತ ಕೆಳಗೆ ಇಟ್ಟುಕೊಳ್ಳುವುದು ಗುರಿ.

ಅಂದಾಜಿನಲ್ಲಿ ಹೋಗಬೇಡಿ, ಅಳೆಯಿರಿ. ತೇವ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರ ಲೆಕ್ಕ ಸರಿಯಿದೆಯೇ ಎಂದು ನೋಡಲು ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75% ತೋರಿಸಬೇಕು. 80 ತೋರಿಸಿದರೆ ಇನ್ನು ಮುಂದೆ ಅದರ ಲೆಕ್ಕದಲ್ಲಿ 5 ಕಳೆದುಕೊಳ್ಳಿ.

ಈಗ ಆ ಮೀಟರನ್ನು ನಾಣ್ಯದ ಡಬ್ಬದಲ್ಲಿ ಒಂದು ದಿನ ಮುಚ್ಚಿಡಿ. ಡಬ್ಬದ ಒಳಗಿನ ಅಂಕಿ ಕೋಣೆಯ ಅಂಕಿಯಷ್ಟೇ ಇದ್ದು, ಕೋಣೆಯದು ಬದಲಾದಾಗ ಅದೂ ಬದಲಾಗುತ್ತಿದ್ದರೆ ಡಬ್ಬ ಸೋರುತ್ತಿದೆ. ಆಗ ಎಷ್ಟು ಸಿಲಿಕಾ ಜೆಲ್ ಹಾಕಿದರೂ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ರಬ್ಬರ್ ರಿಂಗ್ ಬದಲು ಸಿಲಿಕೋನ್ ರಿಂಗ್ ಇರುವ, ನಾಲ್ಕು ಕಡೆ ಕ್ಲಿಪ್ ಹಾಕುವ ಪಾಲಿಪ್ರೊಪಿಲೀನ್ ಡಬ್ಬ ತನ್ನಿ. ಅಡುಗೆ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ತಳದಲ್ಲಿ ತ್ರಿಕೋನದ ಒಳಗೆ 5 ಎಂದು ಇರುತ್ತದೆ.

ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದು ಒಳ್ಳೆಯದು, ತೇವ ತುಂಬಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರ ಬಣ್ಣ ಕೋಬಾಲ್ಟಿನದು, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದರೆ 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹಾಕಿ. ಒಂದೇ ವಾರದಲ್ಲಿ ಬಣ್ಣ ತಿರುಗುತ್ತಿದ್ದರೆ ಜೆಲ್ ಕೆಟ್ಟಿಲ್ಲ, ಡಬ್ಬ ಸೋರುತ್ತಿದೆ. ತಾಮ್ರದ ಕಣ ಬೆರೆಸಿದ ಮಾಸು ತಡೆಯುವ ಪ್ಲಾಸ್ಟಿಕ್ ಪಟ್ಟಿಗಳೂ ಸಿಗುತ್ತವೆ, ಗಂಧಕವನ್ನು ಅವು ತಾವೇ ಹೀರಿಕೊಂಡು ಕಪ್ಪಾಗುತ್ತವೆ. ಕಪ್ಪಾದ ಮೇಲೆ ಬದಲಿಸಬೇಕು.

ಬ್ಯಾಂಕ್ ಲಾಕರ್ ಕಳ್ಳರಿಂದ ಕಾಪಾಡುತ್ತದೆ, ತೇವದಿಂದ ಅಲ್ಲ. ನೆಲಮಾಳಿಗೆಯ ಲಾಕರ್ ಕೋಣೆ ಎಷ್ಟೋ ಸಲ ಮನೆಗಿಂತ ಒದ್ದೆ. ಅಲ್ಲಿಡುವ ನಾಣ್ಯ ಬಿಗಿ ಡಬ್ಬದ ಒಳಗೇ ಹೋಗಬೇಕು. ಎಸಿ ಕೋಣೆಯಿಂದ ತಂದ ಡಬ್ಬವನ್ನು ಹೊರಗೆ ತಕ್ಷಣ ತೆರೆಯಬೇಡಿ, ತಣ್ಣನೆಯ ಲೋಹದ ಮೇಲೆ ನೀರು ಕೂರುತ್ತದೆ. ಒಂದೆರಡು ಗಂಟೆ ಮುಚ್ಚಿಯೇ ಬಿಡಿ.

ಡಬ್ಬ ಮುಚ್ಚುವ ದಿನವನ್ನೂ ಆರಿಸಿಕೊಳ್ಳಿ. ಮುಚ್ಚಿದ ಕ್ಷಣದ ಗಾಳಿಯೇ ಒಳಗೆ ಉಳಿಯುವುದು. ಒಳನಾಡಿನಲ್ಲಿ ಫೆಬ್ರವರಿಯ ಮಧ್ಯಾಹ್ನ ಅತ್ಯುತ್ತಮ. ಕರಾವಳಿಯವರು ಡಿಸೆಂಬರ್, ಜನವರಿಯ ಒಣ ದಿನ ನೋಡಿ, ಎಸಿ ಹಾಕಿದ ಕೋಣೆಯಲ್ಲಿ ಮುಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರು ಬಂದು ಕೇಳಿದರೂ ತೆರೆದು ತೋರಿಸಬೇಡಿ, ಫೋಟೋ ತೋರಿಸಿ. ಮೀಟರನ್ನು ಡಬ್ಬದ ಪಾರದರ್ಶಕ ಬದಿಗೆ ಮುಖ ಮಾಡಿ ಇಟ್ಟರೆ ಮುಚ್ಚಳ ತೆಗೆಯದೆಯೇ ಅಂಕಿ ಓದಬಹುದು.

ಸರಿಪಡಿಸಿದ ಮೇಲೆ

ದೋಷ ಕಂಡಿದ್ದ ನಾಣ್ಯವನ್ನು ಒಂದು ವರ್ಷ ಬೇರೆ ಡಬ್ಬದಲ್ಲೇ ಇಡಿ. ಮೂರು ತಿಂಗಳಿಗೊಮ್ಮೆ ಅದೇ ದೀಪ, ಅದೇ ಕೋನದಲ್ಲಿ, ಕ್ಯಾಪ್ಸೂಲ್ ತೆರೆಯದೆ ಫೋಟೋ ತೆಗೆದು ಹಳೆಯದರ ಜೊತೆ ಹೋಲಿಸಿ. ಒಂದು ಮಳೆಗಾಲ ದಾಟಿದ ಮೇಲೂ ಬದಲಾವಣೆ ಇಲ್ಲದಿದ್ದರೆ ಉಳಿದವುಗಳ ಜೊತೆ ಸೇರಿಸಬಹುದು. ಕಲೆ ಬೆಳೆದಿದ್ದರೆ ಹುಡುಕಾಟವನ್ನು ಮತ್ತೆ ಪ್ಲಾಸ್ಟಿಕ್ಕಿನಿಂದ ಶುರುಮಾಡಿ, ಈ ಸಲ ಕ್ಯಾಪ್ಸೂಲಿನ ಒಳಗಿನ ಸ್ಪಂಜು ಉಂಗುರವನ್ನೂ ಬಿಡಬೇಡಿ. ಹಳದಿಯಾಗಿ ಪುಡಿ ಉದುರುವ ಸ್ಪಂಜು ಪಾಲಿಯುರೆಥೇನ್. ಅದನ್ನು ತೆಗೆದುಹಾಕಿ, ಉಂಗುರವೇ ಬೇಡದಂತೆ ನಾಣ್ಯದ ಅಳತೆಗೇ ಮಾಡಿದ ಕ್ಯಾಪ್ಸೂಲ್ ತನ್ನಿ. 44 ಮಿಲಿಮೀಟರ್ ನಾಣ್ಯಕ್ಕೆ 44 ಮಿಲಿಮೀಟರಿನದೇ ಬೇಕು. 45ರದ್ದು ತಂದರೆ ನಾಣ್ಯ ಒಳಗೆ ಅಲುಗಾಡಿ ಅಂಚು ಸವೆಯುತ್ತದೆ.